ಉಲ್ಟಾ ಕರಡಿ

"ಅತ್ತಿಗೆ, ಇದನ್ನ ಒಂದ್ಸಲ ಸವರಿ ನೋಡು" ಎಂದು ನಾದಿನಿ ಮಿಷನ್ ನಿಲ್ಲಿಸಿ ಆ ಪುಟ್ಟ ಕೋಟನ್ನು ನನ್ನ ಮುಂದೆ ಹಿಡಿದಳು. ಕೊರಳಿನಿಂದ ಕೆಳಗೆ ಅಂಗೈ ಎಳೆದೆ. ನುಣ್ಣಗೆ ಇಳಿಯಬೇಕಾದ ಕೈ ಅಲ್ಲಲ್ಲೇ ತಡೆಯಿತು. ಕೂದಲೆಲ್ಲ ಎದ್ದು ನಿಂತಿತು. ಮುದ್ದು ಕರಡಿಮರಿಯಾಗಬೇಕಿದ್ದದ್ದು ನಾಯಿಯನ್ನು ಕಂಡ ಬೆಕ್ಕಿನ ಹಾಗೆ ಮೈ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿತ್ತು.

ನಮ್ಮದು ಎಳೆಯ ಮಕ್ಕಳ ತುಪ್ಪಳದ ಬಟ್ಟೆಯ ಕಸುಬು. ಕಿವಿ ಇರುವ ಟೋಪಿ, ಬಾಲ ಇರುವ ಕೋಟು, ಹೆಬ್ಬೆರಳಿಗೆ ಮಾತ್ರ ಬೇರೆ ಮನೆ ಬಿಟ್ಟ ಕೈಗವಸು, ಇನ್ನೂ ನಡಿಗೆ ಕಲಿಯದ ಪಾದಗಳಿಗೆ ಮೊಲದ ಮುಖದ ಬೂಟು. ತುಪ್ಪಳ ಯಾವ ಪ್ರಾಣಿಯದೂ ಅಲ್ಲ, ಗಿರಣಿಯಲ್ಲಿ ಹುಟ್ಟಿ ಸುರುಳಿಯಾಗಿ ಬರುವ ನಕಲಿ ತುಪ್ಪಳ. ಆದರೆ ನಕಲಿಗೂ ಅದರದೇ ಸ್ವಭಾವ ಇರುತ್ತದೆ. ಅದರ ಕೂದಲು ಒಂದೇ ಕಡೆಗೆ ಮಲಗುತ್ತದೆ. ಬಟ್ಟೆ ಮೈಮೇಲೆ ಬಂದಾಗ ಅದು ಕೊರಳಿನಿಂದ ಕಾಲಿನ ಕಡೆಗೆ ಮಲಗಿರಬೇಕು. ಆದ್ದರಿಂದ ಕತ್ತರಿಸುವ ಮುಂಚೆ ಸುರುಳಿಯನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸವರಿ, ಮಲಗುವ ದಿಕ್ಕು ನೋಡಿಕೊಂಡು, ಮಗುಚಿ ಹಾಕಿ, ಬಟ್ಟೆಯ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ಬಾಣ ಎಳೆಯಬೇಕು. ಆಮೇಲೆ ಬ್ಲೇಡು. ಕತ್ತರಿ ಹಾಕಿದರೆ ಅದು ಕೂದಲನ್ನೂ ತಿಂದುಬಿಡುತ್ತದೆ. ಎಡಗೈಯಲ್ಲಿ ಬಟ್ಟೆಯನ್ನು ತುಸು ಎತ್ತಿ ಹಿಡಿದು, ಬಲಗೈಯ ಬ್ಲೇಡಿನ ತುದಿಯಿಂದ ಬೆನ್ನನ್ನಷ್ಟೇ ಸೀಳಬೇಕು. ಎರಡೂ ಕೈ ಬೇಕಾಗುವ ಕೆಲಸ.

ಈ ಸುರುಳಿಗೆ ಬಾಣ ಎಳೆದ ದಿನ ನನಗೆ ಒಂದೇ ಕೈ ಇತ್ತು. ಇನ್ನೊಂದರಲ್ಲಿ ಮೊಮ್ಮಗಳಿದ್ದಳು. ಅವಳನ್ನು ನೋಡಿಕೊಳ್ಳುವ ಹೆಂಗಸು ಕೆಲಸ ಬಿಟ್ಟು ಹೋಗಿದ್ದಳು, ಸೊಸೆ ಅಂಗಡಿಗಳನ್ನು ನೋಡಿಬರಲು ಹೋಗಿದ್ದಳು, ಮಗ ಫೋನಿನಲ್ಲಿದ್ದ. ಎರಡು ವರ್ಷ ತುಂಬಿದ ಕೂಸು ಸೊಂಟದ ಮೇಲೆ ಕೂತು ನನ್ನ ಕನ್ನಡಕ ಎಳೆಯುತ್ತಿತ್ತು. ಸವರಿ ನೋಡುವ ಬದಲು ಸುರುಳಿಯ ತುದಿ ನೋಡಿ ಬಾಣ ಎಳೆದುಬಿಟ್ಟೆ. ಹಳೆಯ ಗಿರಣಿಯವರು ಸುತ್ತಿ ಕಳಿಸುವ ರೀತಿ ನನಗೆ ಕಣ್ಣು ಮುಚ್ಚಿದರೂ ಗೊತ್ತು, ಹೊರತುದಿಯ ಕಡೆಗೇ ಕೂದಲು ಮಲಗಿರುತ್ತಿತ್ತು. ಇದು ಹೊಸ ಗಿರಣಿಯದು. ಅವರು ಸುತ್ತುವುದೇ ತಿರುಗುಮುರುಗು. ಮಗು ನಿದ್ದೆಹೋದ ಮೇಲೆ ಬ್ಲೇಡು ಹಿಡಿದು, ಆ ಬಾಣವನ್ನೇ ನಂಬಿ, ಸುರುಳಿ ಮುಗಿಯುವ ತನಕ ಕತ್ತರಿಸಿದೆ. ಈಗ ತುಂಡುಗಳನ್ನು ತಲೆಕೆಳಗು ಮಾಡಿ ಹೊಲಿಯೋಣವೆಂದರೆ ಕೊರಳು ಮೊಣಕಾಲಿಗೆ ಬರುತ್ತದೆ.

ಮಗನನ್ನು ಕರೆಯಲೇಬೇಕಾಯಿತು. ಬಂದ, ಕೋಟನ್ನು ಮೇಲೆ ಕೆಳಗೆ ಸವರಿದ, ಉಳಿದ ತುಂಡುಗಳ ರಾಶಿ ನೋಡಿದ. ಕೂಗಾಡುತ್ತಾನೆ ಎಂದುಕೊಂಡೆ. ಅವನ ಬಾಯಿ ಸಣ್ಣದಲ್ಲ. ಜಿಪ್ ತಂದುಕೊಡುವವನು ಒಂದು ದಿನ ತಡಮಾಡಿದರೆ ಬೀದಿಯ ಆ ತುದಿಗೆ ಕೇಳುವ ಹಾಗೆ ಬೈಯುತ್ತಾನೆ. ಸೋದರತ್ತೆ ಎಂದು ನನ್ನ ನಾದಿನಿಯನ್ನೂ ಬಿಡುವವನಲ್ಲ, ಅವಳೂ ಬಿಡುವವಳಲ್ಲ. ಕಿವಿ ದೊಡ್ಡದಾಯಿತು, ಬಾಲ ಗಿಡ್ಡವಾಯಿತು ಎಂದು ಹೆಂಡತಿಯ ಜೊತೆ ವಾರಕ್ಕೊಂದು ಜಗಳ. ಆ ಜಗಳಗಳ ಮೇಲೇ ನಮ್ಮ ಕೆಲಸ ನಡೆಯುತ್ತಿತ್ತು ಎಂದರೂ ತಪ್ಪಿಲ್ಲ.

"ಹೋಗ್ಲಿ ಬಿಡಮ್ಮ" ಎಂದ. "ನಿಂಗೆ ಸುಸ್ತಾಗಿದೆ."

ಅಷ್ಟೇ. ನನ್ನ ಬೆನ್ನು ಸವರಿ ಒಳಗೆ ಹೋದ.

ನಾದಿನಿ ಬಾಯಿ ತೆರೆದಳು. ಮಗುವನ್ನು ಸೊಂಟಕ್ಕೆ ಕಟ್ಟಿ ಕೆಲಸಕ್ಕೆ ನಿಲ್ಲಿಸಿದ್ದು ಯಾರು ಎಂದು ಕೇಳುವವಳಿದ್ದಳು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ತಪ್ಪು ನನ್ನದು. ಅದನ್ನು ಎರಡು ವರ್ಷದ ಕೂಸಿನ ತಲೆಗೆ ಕಟ್ಟಲಾರೆ. ಅಲ್ಲದೆ ಆ ಮಾತು ಹೇಳಿದರೆ ಮುಂದಿನ ಮಾತು ಏನು ಬರುತ್ತದೆ ಎಂದೂ ಗೊತ್ತಿತ್ತು: ಹಾಗಾದರೆ ಒಂದನ್ನೇ ಮಾಡು, ಮಗುವನ್ನೇ ನೋಡಿಕೊ.

ಆದರೆ ಬೆನ್ನಿನ ಮೇಲೆ ಅವನ ಅಂಗೈ ಹೋದ ಜಾಗ ಸಂಜೆಯ ತನಕ ಚುರುಗುಟ್ಟುತ್ತಿತ್ತು. ಬೈದಿದ್ದರೆ ಸಹಿಸಬಹುದಿತ್ತು. ಲೆಕ್ಕಕ್ಕೆ ಇರುವವರನ್ನು ಬೈಯುತ್ತಾರೆ. ಲೆಕ್ಕದಿಂದ ತೆಗೆದವರನ್ನು ಸವರುತ್ತಾರೆ.

ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಕತ್ತರಿಸುವ ಕೆಲಸವನ್ನು ಇನ್ನು ಮುಂದೆ ಹೊರಗೆ ಕೊಡುವುದು, ಅಲ್ಲಿ ಯಂತ್ರವಿದೆ. ನನ್ನ ಮೇಜನ್ನು ಗೋಡೆಗೆ ಸರಿಸಿ ಪೆಟ್ಟಿಗೆ ಜೋಡಿಸಲು ಇಟ್ಟುಕೊಳ್ಳುವುದು. ನಾನು ಮನೆಯಲ್ಲಿದ್ದರೆ ಮಗುವಿಗೂ ಆಯಿತು, ನನಗೂ ವಿಶ್ರಾಂತಿ. ಸೊಸೆ ಇದನ್ನೆಲ್ಲ ಎಷ್ಟು ನಯವಾಗಿ ಹೇಳಿದಳೆಂದರೆ ಎಲ್ಲವೂ ಮೊದಲೇ ತೀರ್ಮಾನವಾಗಿದೆ ಎಂದು ತಿಳಿಯಿತು. ಉಲ್ಟಾ ಕೋಟು ಬರೀ ನೆಪ. ಯಾರು ತೀರ್ಮಾನಿಸಿದಿರಿ ಎಂದು ಕೇಳಿದೆ. ಇಬ್ಬರೂ ತಟ್ಟೆ ನೋಡಿದರು.

ಪಾತ್ರೆ ತೊಳೆಯುವಾಗ ಸೊಸೆ ಹಿಂದೆಯೇ ಬಂದಳು. ಕೆಟ್ಟವಳಲ್ಲ ಅವಳು. ನಮ್ಮ ಎರಡು ಮಿಷನ್ನಿನ ಕೋಣೆಯನ್ನು ಕಾರ್ಖಾನೆ ಎನ್ನುವ ಮಟ್ಟಕ್ಕೆ ತಂದದ್ದು ಅವಳ ಓಡಾಟವೇ. ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಚುತ್ತ ಬಿಚ್ಚುತ್ತ ನಿಂತಿದ್ದಳು.

"ಅತ್ತೆ, ನೀವು ಮನೇಲಿ ಇರ್ಲಿಲ್ಲ ಅಂದ್ರೆ ನಾನು ಇರ್ಬೇಕಾಗುತ್ತೆ."

ಆ ಒಂದು ಮಾತಿನಲ್ಲಿ ಅವಳ ಭಯವೆಲ್ಲ ಇತ್ತು. ನನಗೆ ಅವಳ ಮೇಲೆ ಬಂದಿದ್ದ ಸಿಟ್ಟು ಅರ್ಧ ಇಳಿಯಿತು. ಅವಳಾದರೂ ಏನು ಮಾಡಿಯಾಳು? ಯಾರಾದರೊಬ್ಬರು ಮನೆಯಲ್ಲಿರಬೇಕು, ಅವಳೋ ನಾನೋ. ಆ ಹೊತ್ತಿನಲ್ಲಿ ನಾನೂ ಅಷ್ಟೇ ಯೋಚಿಸಿದೆ. ಮೂರನೆಯವನೊಬ್ಬ ಆಚೆ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದಾನೆ ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹೂಂ ಎಂದೆ.

ಆ ಮೇಜಿನ ಜೊತೆ ನನಗಿದ್ದದ್ದು ಕೆಲಸದ ನಂಟು ಮಾತ್ರವಲ್ಲ. ಈ ಮಗ ತೊದಲುವ ವಯಸ್ಸಿನಲ್ಲಿದ್ದಾಗ ಹಳೆಯ ಹೊದಿಕೆಯೊಂದರ ತುಪ್ಪಳ ಬಿಚ್ಚಿ ಅವನಿಗೆ ಕಿವಿ ಇರುವ ಟೋಪಿ ಹೊಲಿದಿದ್ದೆ. ನೋಡಿದವರು ತಮ್ಮ ಮಕ್ಕಳಿಗೂ ಬೇಕೆಂದರು. ನನ್ನ ಗಂಡ, ಈಗಿಲ್ಲ, ನಗುತ್ತಾ ಬಾಗಿಲೊಂದನ್ನು ಕಳಚಿ ನಾಲ್ಕು ಕಾಲು ಜೋಡಿಸಿ, ತಗೊ ನಿನ್ನ ಮೇಜು ಎಂದಿದ್ದರು. ಚಿಲಕ ಇದ್ದ ತೂತು ಇನ್ನೂ ಹಾಗೇ ಇದೆ. ಅದರಲ್ಲಿ ಸೀಮೆಸುಣ್ಣ ನಿಲ್ಲಿಸುತ್ತೇನೆ. ಆ ಮನೆಯಲ್ಲಿ, ಆಮೇಲೆ ಈ ಕಾರ್ಖಾನೆಯಲ್ಲಿ, ಯಾರದೋ ಹೆಂಡತಿ, ಯಾರದೋ ತಾಯಿ ಅಲ್ಲದೆ ನಾನು ನಾನಾಗಿ ನಿಲ್ಲುತ್ತಿದ್ದ ಜಾಗವೆಂದರೆ ಆ ಬಾಗಿಲಿನ ಮುಂದೆ ಮಾತ್ರ.

ಹೀಗೆ ನಾನು ಮನೆಗೆ ಸೇರಿದೆ. ಮೊಮ್ಮಗಳ ಜೊತೆ.

ಅವಳಿಗೆ ನಾದಿನಿ ಇಟ್ಟ ಹೆಸರು ಬೇಡಮ್ಮ. ಹಾಲು ಬೇಡ, ಸ್ನಾನ ಬೇಡ, ನಿದ್ದೆ ಬೇಡ, ಎತ್ತಿಕೊಳ್ಳುವುದು ಬೇಡ, ಇಳಿಸುವುದಂತೂ ಬೇಡವೇ ಬೇಡ. ಕೋಟು ಹಾಕುವುದು ದಿನವೂ ಒಂದು ಯುದ್ಧ. ಒಂದು ತೋಳು ತೂರಿಸುವಷ್ಟರಲ್ಲಿ ಇನ್ನೊಂದು ಹೊರಗಿರುತ್ತಿತ್ತು. ಸೊಸೆಗೆ ಅದೊಂದು ಸಂಕಟ. ತಾವೇ ಮಾಡಿದ ಬಟ್ಟೆಯನ್ನು ತನ್ನ ಮಗಳೇ ಹಾಕುವುದಿಲ್ಲವೆಂದರೆ ಬೇರೆಯವರ ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಮಾರುವುದು? ಆದ್ದರಿಂದ ಹೊರಗೆ ಹೊರಟಾಗಲೆಲ್ಲ ಬಿಳಿ ಕೋಟು, ಬಿಳಿ ಟೋಪಿ ಹಾಕಿಯೇ ಕರೆದುಕೊಂಡು ಹೋಗಬೇಕೆಂದು ನನಗೆ ಅಪ್ಪಣೆ.

ನಾನು ಮೊದಲು ಮಗುವಿಗೆ ಸೆಕೆಯಾಗುತ್ತದೇನೋ ಎಂದುಕೊಂಡೆ. ಒಳಗಿನ ಹತ್ತಿಯ ಅಸ್ತರು ಚುಚ್ಚುತ್ತದೇನೋ ಎಂದು ಹೊಲಿಗೆ ಹೊಲಿಗೆ ಬೆರಳಾಡಿಸಿ ನೋಡಿದೆ. ಹಾಗೇನೂ ಇರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ಕಾರಣ ಕಣ್ಣಿಗೆ ಬಿತ್ತು.

ಮೇಲಿನ ಮನೆಯ ಹೆಂಗಸು ಒಳಗೆ ಬಂದಳು. ಅಯ್ಯೋ ಮುದ್ದೇ ಎಂದು ಬಾಗಿ, ತಲೆಯಿಂದ ಬೆನ್ನಿನವರೆಗೆ ಮಗುವನ್ನು ಸವರಿದಳು. ಮುಂದಿನ ಮಹಡಿಯಲ್ಲಿ ಬಂದ ಗಂಡಸು ಕಿವಿ ಹಿಂಡಿದ, ಟೋಪಿಯ ಕಿವಿಯನ್ನೇ, ಆದರೂ ಹಿಂಡಿದ. ಬೀದಿಯಲ್ಲಿ ಔಷಧದ ಅಂಗಡಿಯವಳು ಕಟ್ಟೆ ದಾಟಿ ಬಂದು ಸವರಿದಳು. ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಹುಡುಗಿಯರು ಒಬ್ಬೊಬ್ಬರಾಗಿ ಸವರಿದರು. ಬರಿಯ ಸ್ವೆಟರು ಹಾಕಿದ ಮಗುವನ್ನು ಯಾರೂ ಹಾಗೆ ಮುಟ್ಟುವುದಿಲ್ಲ. ತುಪ್ಪಳ ಕಂಡರೆ ಮಾತ್ರ ಕೈ ತಾನಾಗಿ ಹೋಗುತ್ತದೆ. ಒಳಗೆ ಯಾರೋ ಇದ್ದಾರೆ ಎಂಬುದೇ ಮರೆತುಹೋಗುತ್ತದೆ. ಪ್ರತಿ ಕೈ ಬಂದಾಗಲೂ ಬೇಡಮ್ಮ ಕೊರಡಾಗುತ್ತಿದ್ದಳು. ಉಸಿರು ಹಿಡಿದು, ಕಣ್ಣು ಎತ್ತಲೋ ನೆಟ್ಟು, ಕೈ ಹೋಗುವ ತನಕ ಕಾಯುತ್ತಿದ್ದಳು. ಬೇಡ ಎಂದು ಆಗಲೂ ಹೇಳುತ್ತಿದ್ದಳು, ತುಂಬ ಮೆತ್ತಗೆ. ಕೇಳಿದವರು ನಕ್ಕು ಇನ್ನೊಮ್ಮೆ ಸವರುತ್ತಿದ್ದರು.

ಕೊರಡಾಗಿ ನಿಂತ ಆ ಪುಟ್ಟ ಬೆನ್ನನ್ನು ನಾನೆಲ್ಲೋ ನೋಡಿದ್ದೆ. ಮನೆಗೆ ಬಂದು ಅವಳ ಕೋಟು ಬಿಚ್ಚುವಾಗ ನೆನಪಾಯಿತು. ನನ್ನದೇ ಬೆನ್ನು. ನಮ್ಮಮ್ಮನಂಥವರು ಸಿಗಲ್ಲ, ನಮ್ಮತ್ತೆ ಒಂದು ಮಾತು ಎದುರಾಡಲ್ಲ, ನನ್ನ ಹೆಂಡತಿ ಎಷ್ಟು ಸಮಾಧಾನಿ ಎಂದು ಹೊಗಳುತ್ತ, ಕೊರಳಿನಿಂದ ಕೆಳಕ್ಕೆ, ಕೂದಲು ಮಲಗಿದ ದಿಕ್ಕಿಗೇ, ಜೀವನವಿಡೀ ನನ್ನನ್ನು ಎಷ್ಟು ಕೈಗಳು ಸವರಿದ್ದವು! ಸವರಿದಷ್ಟೂ ಹೊಳೆಯುತ್ತಿದ್ದೆ. ಹೊಳೆಯುತ್ತಿದ್ದೇನೆಂದು ಖುಷಿಯನ್ನೂ ಪಟ್ಟಿದ್ದೆ.

ಮರುದಿನ ಬೇಡಮ್ಮನನ್ನು ಸ್ವೆಟರಿನಲ್ಲೇ ಎತ್ತಿಕೊಂಡು ಕಾರ್ಖಾನೆಗೆ ಹೋದೆ. ಮಗ, ಸೊಸೆ ಹೊರಗೆ ಹೋಗಿದ್ದರು. ಗಾಳಿಯಲ್ಲಿ ಎಂದಿನ ಹಾಗೆ ಸಣ್ಣ ಕೂದಲು ಹಾರಾಡುತ್ತಿತ್ತು. ನನ್ನ ಮೇಜು ಗೋಡೆಗೆ ಒರಗಿ ಪೆಟ್ಟಿಗೆಗಳನ್ನು ಹೊತ್ತು ನಿಂತಿತ್ತು. ನೋಡದ ಹಾಗೆ ದಾಟಿಹೋದೆ. ಉಲ್ಟಾ ತುಂಡುಗಳು ಎಲ್ಲಿ ಎಂದು ನಾದಿನಿಯನ್ನು ಕೇಳಿದೆ.

ಹಿಂದಿನ ಕೋಣೆಯಲ್ಲಿ ಗೋಣಿಯಲ್ಲಿವೆ, ದಿಂಬಿಗೆ ತುಂಬಲು ಯಾರಿಗೋ ಕೊಡುತ್ತಾರಂತೆ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಬೇಡಮ್ಮನಿಗೆ ಅದರಲ್ಲೇ ಒಂದು ಕೋಟು ಎಂದೆ. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ಒಂದು ಹೊಲೀಲಾ, ಎರಡಾ?"

"ಇನ್ನೊಂದು ಯಾರಿಗೆ?"

"ನಿಂಗೆ" ಎಂದಳು. "ಮನೇಲಿ ಕೂತ್ಕೊಂಡು ನೀನೂ ಮೆತ್ತಗಾಗ್ತಾ ಇದ್ದೀಯ."

ನಗು ಬಂತು, ಆದರೆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅವಳು ಮದುವೆ ಬೇಡವೆಂದು ಉಳಿದವಳು, ಅಣ್ಣನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುವುದಿಲ್ಲವೆಂದು ಮಿಷನ್ ತುಳಿಯತೊಡಗಿದವಳು. ಅವಳನ್ನು ಸವರಲು ಹೋಗಿ ಕೈ ಸುಟ್ಟುಕೊಂಡವರು ನಮ್ಮ ಬಂಧುಬಳಗದಲ್ಲಿ ತುಂಬ ಜನ ಇದ್ದಾರೆ. ತುಂಡುಗಳನ್ನು ಅಂಚಿಗೆ ಅಂಚು ಜೋಡಿಸಿ ಹೊಲಿದುಕೊಟ್ಟಳು. ನಾನು ಪಕ್ಕದಲ್ಲಿ ಕೂತು ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿ, ಬಾಚಿ, ಅದರ ಟೋಪಿಯ ಮೇಲೆ ಕಣ್ಣುಗಳನ್ನು ಕಪ್ಪು ದಾರದಲ್ಲಿ ತುಂಬಿದೆ. ಗುಂಡಿ ಇಟ್ಟರೆ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ, ನಾವು ಎಂದೂ ಇಡುವುದಿಲ್ಲ.

ಕರಡಿ ಸಿದ್ಧವಾಯಿತು. ಎದ್ದ ಕೂದಲಿನ, ಆಗತಾನೆ ಯಾರ ಜೊತೆಗೋ ಜಗಳ ಮುಗಿಸಿ ಬಂದಂಥ ಕರಡಿ. ನೆಲದ ಮೇಲೆ ಇಟ್ಟೆ. ಬೇಡಮ್ಮ ಸುತ್ತಲೂ ಒಮ್ಮೆ ನಡೆದು ನೋಡಿದಳು. ಕೂತು ಕೊರಳಿನಿಂದ ಕೆಳಗೆ ಸವರಿದಳು. ಕೂದಲು ಎದುರಿಗೆ ಎದ್ದು ಬಂತು. ಚಕ್ಕನೆ ಕೈ ಹಿಂದೆಗೆದುಕೊಂಡು ನನ್ನ ಮುಖ ನೋಡಿದಳು.

"ಇದಕ್ಕೂ ಬೇಡ ಅನ್ಸುತ್ತೆ" ಎಂದೆ.

ಅವಳು ತಾನಾಗಿ ತೋಳು ಚಾಚಿದಳು.

ಅಂದಿನಿಂದ ಬೀದಿ ಬೇರೆಯಾಯಿತು. ಔಷಧದ ಅಂಗಡಿಯವಳು ಎಂದಿನ ಹಾಗೆ ಓಡಿ ಬಂದು ಕೈ ಹಾಕಿದಳು. ಅರ್ಧಕ್ಕೇ ಕೈ ನಿಂತಿತು. ಇದೇನು, ಉಲ್ಟಾ ಇದೆಯಲ್ಲ ಎಂದು ಅಂಗೈ ನೋಡಿಕೊಂಡಳು, ಏನೋ ಅಂಟಿದೆಯೇನೋ ಎಂಬಂತೆ. ಬೇಡಮ್ಮ ಕೊರಡಾಗಲಿಲ್ಲ. ತಲೆ ಎತ್ತಿ ಆ ಮುಖವನ್ನು ಆಸಕ್ತಿಯಿಂದ ನೋಡಿದಳು. ಲಿಫ್ಟಿನ ಹೆಂಗಸಿಗೂ ಹಾಗೇ ಆಯಿತು. ಮೂರನೆಯವರ ಕೈ ಬರುವ ಹೊತ್ತಿಗೆ ಮಗುವಿಗೆ ಆಟ ಅರ್ಥವಾಗಿತ್ತು. ಗಂಟಲಿನಿಂದ ಗುರ್ರ್ ಎನ್ನತೊಡಗಿದಳು. ಕೈಗಳು ದೂರದಲ್ಲೇ ನಿಂತು, ಮುಟ್ಟಲಾ ಪುಟ್ಟಾ ಎಂದು ಕೇಳತೊಡಗಿದವು. ಕೆಲವೊಮ್ಮೆ ಅವಳು ಹೂಂ ಎನ್ನುತ್ತಿದ್ದಳು. ಅವಳ ಬಾಯಿಂದ ಆ ಪದ ನಾನು ಕೇಳಿದ್ದು ಆಗಲೇ ಮೊದಲು.

ಸೊಸೆ ಕೋಟು ನೋಡಿ ಮೂಗು ಮುರಿದಳು. ಮನೆಯೊಳಗೆ ಬೇಕಾದರೆ ಹಾಕಿಕೊಳ್ಳಲಿ, ಹೊರಗೆ ನಮ್ಮ ಮರ್ಯಾದೆ ಹೋಗುತ್ತದೆ ಎಂದಳು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆ ರುಚಿ ನನಗೂ ಹೊಸದು.

ಚಳಿ ಏರುವ ಮುಂಚೆ ಪೇಟೆಯ ದೊಡ್ಡ ಅಂಗಡಿಯಿಂದ ಖರೀದಿಯ ಮೇಡಂ ಕಾರ್ಖಾನೆಗೆ ಬಂದು ಮಾದರಿಗಳನ್ನು ನೋಡುವುದು ಪ್ರತಿ ವರ್ಷದ ಕ್ರಮ. ಈ ಸಲ ಸೊಸೆಗೆ ಒಂದು ಯೋಚನೆ ಹೊಳೆದಿತ್ತು. ಬಟ್ಟೆಯನ್ನು ಗೂಟದ ಮೇಲೆ ತೋರಿಸುವ ಬದಲು ಮಗುವಿನ ಮೈಮೇಲೆ ತೋರಿಸುವುದು. ಬೇಡಮ್ಮ ಬಿಳಿ ಕೋಟಿನಲ್ಲಿ ಬಾಗಿಲಿನಿಂದ ನಡೆದು ಬರಬೇಕು, ಮೇಡಂ ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಬೇಡ ಎನ್ನಲು ಯಾರಿಂದ ಸಾಧ್ಯ?

ಎಲ್ಲರಿಂದಲೂ ಆಗದಿರಬಹುದು, ಬೇಡಮ್ಮನಿಂದ ಸಾಧ್ಯ. ಮೇಡಂ ಬರುವ ಹೊತ್ತಾಗಿತ್ತು. ಹಿಂದಿನ ಕೋಣೆಯಲ್ಲಿ ಅವಳು ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಳು. ಬಿಳಿ ಕೋಟು ಒಂದು ಮೂಲೆಯಲ್ಲಿ, ಟೋಪಿ ಇನ್ನೊಂದರಲ್ಲಿ. ಉಲ್ಟಾ ಉಲ್ಟಾ ಎಂದು ಅಳು. ಸೊಸೆಯ ಕೂದಲು ಕೆದರಿ, ಕಣ್ಣಲ್ಲಿ ನೀರು ತುಂಬಿತ್ತು. ಮಗ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ.

"ಅಮ್ಮ, ನೀನು ಹೇಳಿದ್ರೆ ಕೇಳ್ತಾಳೆ" ಎಂದ. "ಒಂದು ಐದು ನಿಮಿಷ ಹಾಕ್ಸು. ಪ್ಲೀಸ್, ಎಷ್ಟಾದ್ರೂ ನೀನು ಒಳ್ಳೆಯವಳಲ್ವಾ" ಎಂದು ಬೆನ್ನ ಮೇಲೆ ಕೈ ಇಟ್ಟ.

ಹಾಕಿಸಬಹುದಿತ್ತು. ನನ್ನ ಮಾತಿಗೆ ಅವಳು ಬಗ್ಗುತ್ತಿದ್ದಳು, ನಾನು ಒಂದು ಕಾಲಕ್ಕೆ ಎಲ್ಲರ ಮಾತಿಗೂ ಬಗ್ಗಿದ ಹಾಗೆ. ಅವನ ಕೈಯಿಂದ ಒಂದು ಹೆಜ್ಜೆ ಸರಿದೆ.

"ಹಾಕ್ಸಲ್ಲ" ಎಂದೆ. "ಅವಳು ಬೇಡ ಅಂದಿದ್ದಾಳೆ."

ಮಗನಿಗೆ ಅರ್ಥವಾಗಲಿಲ್ಲ. ಅವಳು ಎಲ್ಲಕ್ಕೂ ಬೇಡ ಅನ್ನುತ್ತಾಳೆ ಎಂದ. ಎಲ್ಲಕ್ಕೂ ಅನ್ನಲಿ ಎಂದೆ. ಅಷ್ಟರಲ್ಲಿ ಮುಂದಿನ ಬಾಗಿಲ ಗಂಟೆಯ ಸದ್ದಾಯಿತು. ಸೊಸೆ ಕಣ್ಣೊರೆಸಿಕೊಂಡು ಓಡಿದಳು. ನಾನು ಗೋಡೆಯ ಮೊಳೆಯಿಂದ ಉಲ್ಟಾ ಕರಡಿಯನ್ನು ತೆಗೆದು ಕೊಟ್ಟೆ. ಬೇಡಮ್ಮ ಬಿಕ್ಕುತ್ತಲೇ ತೋಳು ತೂರಿಸಿದಳು.

ಖರೀದಿಯ ಮೇಡಂ ನನ್ನ ವಯಸ್ಸಿನವರೇ. ಬಿಳಿ ಕೋಟಿನ ಇನ್ನೊಂದು ಮಾದರಿಯ ಹೊಲಿಗೆಯನ್ನು ಎಳೆದು ನೋಡುತ್ತಿದ್ದರು, ಕಿವಿಗಳನ್ನು ಜಗ್ಗುತ್ತಿದ್ದರು. ಕರೆಯದೇ ಬಂದ ಕಂದು ಕರಡಿಯನ್ನು ಕಂಡು ಅವರ ಮುಖ ಅರಳಿತು, ಕೈ ತಾನಾಗಿ ಹೋಯಿತು. ಕೂದಲು ಎದ್ದಿತು. ಬೇಡಮ್ಮ ಗುರ್ರ್ ಎಂದಳು. ಮೇಡಂ ಕೈ ಹಿಂದಕ್ಕೆ ಎಳೆದುಕೊಂಡು, ಇದು ತಪ್ಪಾಗಿ ಕತ್ತರಿಸಿದ್ದಲ್ಲವೇ ಎಂದು ಸೊಸೆಯನ್ನು ಕೇಳಿದರು.

ಮಗ ನಡುವೆ ಬಂದ. ಅದು ಮಾರಾಟಕ್ಕಲ್ಲ, ಅಮ್ಮನಿಗೆ ವಯಸ್ಸಾಯಿತು, ಈಗ ಕತ್ತರಿಸುವ ಕೆಲಸ ಬೇರೆಯವರು ಮಾಡುತ್ತಾರೆ ಎಂದು ನಗುತ್ತಾ ಹೇಳಿದ. ಆ ನಗು ನನ್ನ ತಲೆ ಸವರುವಂಥದ್ದೇ.

"ತಪ್ಪು ನಂದೇ" ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ವಯಸ್ಸಾಗಿ ಆದ ತಪ್ಪಲ್ಲ. ಸವರದೆ ಬಾಣ ಹಾಕ್ದೆ, ಅಷ್ಟೆ. ಇವತ್ತಿಂದ ಮತ್ತೆ ನಾನೇ ಕತ್ತರಿಸ್ತೀನಿ. ನೀವು ನೋಡ್ತಾ ಇರೋ ಆ ಬಿಳೀ ಕೋಟು ಕೂಡ ನಾನೇ ಕತ್ತರಿಸಿದ್ದು."

ಮೇಡಂ ಬಿಳಿ ಕೋಟನ್ನು ಒಮ್ಮೆ ಸವರಿದರು, ಕಂದು ಕೋಟನ್ನು ದೂರದಿಂದ ನೋಡಿದರು. ಉಲ್ಟಾ ಕೋಟು ಮಾತ್ರ ಯಾರಿಗೂ ತೋರಿಸಬೇಡಿ, ತಾಯಂದಿರು ತುಪ್ಪಳ ಕೊಳ್ಳುವುದೇ ಸವರುವುದಕ್ಕೆ ಎಂದು ಹೇಳಿ, ಹೋದ ವರ್ಷದ ಹಾಗೇ ಈ ವರ್ಷವೂ ಕಳಿಸಿ ಎಂದು ಎದ್ದರು. ಹೋಗುವಾಗ ಬೇಡಮ್ಮನ ಮುಂದೆ ಒಂದು ಗಳಿಗೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಾಗಿ ನೋಡಿದರು.

ಬಾಗಿಲು ಮುಚ್ಚಿದ್ದೇ ತಡ, ಮಗ ತಿರುಗಿದ.

"ನಿಂಗೆ ತಲೆ ಕೆಟ್ಟಿದೆಯಾ? ಮೇಡಂ ಎದುರಿಗೆ ಹಂಗೆಲ್ಲ ಮಾತಾಡೋದಾ? ಆರ್ಡರ್ ಕೈ ತಪ್ಪಿದ್ರೆ ಏನ್ ಮಾಡ್ತಿದ್ದೆ? ಒಂದು ರೋಲ್ ಹಾಳು ಮಾಡಿ, ಅದನ್ನೇ ಮಗೂಗೆ ಹಾಕಿ ಮೆರವಣಿಗೆ ಮಾಡ್ತೀಯಲ್ಲ!"

ಬೀದಿಯ ಆ ತುದಿಗೆ ಕೇಳಿರಬೇಕು. ಸೊಸೆ ಬೆಚ್ಚಿ ಅವನ ತೋಳು ಹಿಡಿದಳು. ನನಗೆ ಮಾತ್ರ ಎದೆಯ ಮೇಲಿನ ಭಾರ ಇಳಿದಂತಾಯಿತು. ಬೈದ. ಜಿಪ್‌ನವನನ್ನು ಬೈದ ಹಾಗೆ, ಅವನ ಸೋದರತ್ತೆಯನ್ನು ಬೈದ ಹಾಗೆ, ಬೈದ. ನಾನು ಮತ್ತೆ ಲೆಕ್ಕಕ್ಕೆ ಬಂದಿದ್ದೆ. ಇನ್ನು ಬಿಡುವುದುಂಟೇ?

ನಾನೂ ಕೂಗಿದೆ. ಏನೇನು ಕೂಗಿದೆ ಎಂದು ಪೂರ್ತಿ ನೆನಪಿಲ್ಲ. ರೋಲು ಹಾಳಾದದ್ದು ನಿಜ, ಅವನು ತಪ್ಪು ಅಳತೆಯ ಜಿಪ್ಪುಗಳನ್ನು ಮೂಟೆಗಟ್ಟಲೆ ತರಿಸಿದಾಗ ಯಾರೂ ಅವನಿಗೆ ಸುಸ್ತಾಗಿದೆ ಎಂದು ಮನೆಗೆ ಕಳಿಸಲಿಲ್ಲ ಎಂದು ಹೇಳಿದೆ. ತಪ್ಪಿದರೆ ಬೈಯಿರಿ, ತೆಗೆದುಹಾಕಬೇಡಿ ಎಂದೆ. ನನ್ನ ಕೈ ಮೀರಿ ಉಳಿದ ಕೆಲಸ ಬೇಕಾದರೆ ಯಂತ್ರದವರಿಗೆ ಕೊಡಿ, ನನ್ನ ಮೇಜು ಇದ್ದ ಜಾಗಕ್ಕೆ ಬರಬೇಕು ಎಂದೆ.

ಆಗ ಸೊಸೆ ಮೆಲ್ಲಗೆ ಕೇಳಿದಳು, ಹಾಗಾದರೆ ಮಗು? ಮುಖ ಬಿಳುಪಾಗಿತ್ತು. ಅಡುಗೆಮನೆಯಲ್ಲಿ ಒರೆಸುವ ಬಟ್ಟೆ ಮಡಚುತ್ತಿದ್ದವಳ ಅದೇ ಭಯ. ಈ ಸಲ ನನ್ನ ಕಣ್ಣು ಅವಳನ್ನು ದಾಟಿ ಬಾಗಿಲ ಬಳಿ ಹೋಯಿತು. ಅಲ್ಲಿ ಅವನಿದ್ದ. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ ಖಾಲಿ, ಜೇಬಿನಲ್ಲಿ.

"ಬ್ಲೇಡಿಗೆ ಎರಡು ಕೈ ಬೇಕು" ಎಂದೆ ಅವನಿಗೆ. "ನಿನ್ನ ಹೆಂಡ್ತಿ ಓಡಾಟಕ್ಕೆ ಎರಡು ಕಾಲು ಬೇಕು. ಫೋನಿಗೆ ಎಷ್ಟು ಕೈ ಬೇಕು ಹೇಳು."

ನಾದಿನಿ ಫಕ್ಕನೆ ನಕ್ಕಳು. ಮಗ ಜೇಬಿನಿಂದ ಆ ಕೈ ಹೊರಗೆ ತೆಗೆದು, ಅದು ಅಲ್ಲಿಗೆ ಹೇಗೆ ಬಂತೆಂದು ತಿಳಿಯದವನಂತೆ ನೋಡಿಕೊಂಡ. ಸೊಸೆ ಮೊದಲು ನನ್ನನ್ನು, ಆಮೇಲೆ ಅವನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಎದ್ದು ನಿಂತಿತು. ಬೇಡಮ್ಮನನ್ನು ಎತ್ತಿ ಅವನ ತೋಳಿಗೆ ಕೊಟ್ಟಳು. ಮಗುವಿಗೆ ಮಧ್ಯಾಹ್ನದ ಮೇಲೆ ನಾನಿರುತ್ತೇನೆ, ಬೆಳಿಗ್ಗೆ ಅಪ್ಪನಿರಲಿ, ನಡುವೆ ಏನು ಮಾಡುವುದೆಂದು ನೀವಿಬ್ಬರೂ ಜಗಳವಾಡಿ ತೀರ್ಮಾನಿಸಿ ಎಂದು ಹೇಳಿ ನಾನು ಪೆಟ್ಟಿಗೆಗಳನ್ನು ಇಳಿಸತೊಡಗಿದೆ.

ಮೇಜಿನ ಒಂದು ತುದಿ ನಾನು, ಇನ್ನೊಂದು ತುದಿ ನಾದಿನಿ. ನಡುವೆ ಸೊಸೆ ಬಂದು ಕೈ ಕೊಟ್ಟಳು. ಬಾಗಿಲಾಗಿದ್ದ ಕಾಲದ ಹಟ ಅದಕ್ಕೆ ಇನ್ನೂ ಇತ್ತು, ನೆಲದ ಮೇಲೆ ಕಿರುಗುಟ್ಟುತ್ತಲೇ ಬಂತು. ಕಿಟಕಿಯ ಎದುರು ನಿಲ್ಲಿಸಿ, ಒರೆಸಿ, ಚಿಲಕದ ತೂತಿನಲ್ಲಿ ಸೀಮೆಸುಣ್ಣ ಸಿಕ್ಕಿಸಿದೆ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಗನ ಮುಖ ಹಲವು ದಿನ ಗಂಟುಹಾಕಿಕೊಂಡೇ ಇತ್ತು. ಅವನು ಫೋನಿನಲ್ಲಿ ಯಾರ ಜೊತೆಗೋ ಗಂಭೀರವಾಗಿ ಮಾತಾಡುವಾಗ ಮಡಿಲಿನಿಂದ ಬೇಡ ಬೇಡ ಎಂಬ ಕೂಗು ಕೇಳಿಸುತ್ತದೆ. ಆ ಕಡೆಯವರು ತಮಗೇ ಹೇಳಿದ್ದು ಎಂದುಕೊಳ್ಳುತ್ತಾರಂತೆ. ನಡುವಿನ ಹೊತ್ತು ಯಾರ ಪಾಲು ಎಂದು ಗಂಡ ಹೆಂಡತಿ ಇನ್ನೂ ಕಾದಾಡುತ್ತಾರೆ. ಮೊದಲಾಗಿದ್ದರೆ ನಡುವೆ ಹೋಗಿ, ಬಿಡಿ ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದೆ. ಆ ಮಾತು ನಾಲಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ಬ್ಲೇಡು ಬದಲಿಸುತ್ತೇನೆ.

ಉಳಿದ ಉಲ್ಟಾ ತುಂಡುಗಳಲ್ಲಿ ನಾದಿನಿ ನನಗೊಂದು ತೋಳಿಲ್ಲದ ಕೋಟು ಹೊಲಿದಿದ್ದಾಳೆ. ಎಳೆಯ ಮಕ್ಕಳ ತುಂಡುಗಳನ್ನೇ ಕೂಡಿಸಿದ್ದರಿಂದ ಎಲ್ಲೆಲ್ಲೂ ಹೊಲಿಗೆ, ಹಿಂದೆ ಒಂದು ಬಾಲವೂ ಉಳಿದುಬಿಟ್ಟಿದೆ. ಬಿಚ್ಚಿ ತೆಗೆಯಲಾ ಎಂದಳು. ಇರಲಿ ಎಂದೆ. ಕಿಟಕಿಯಿಂದ ಬರುವ ಚಳಿಗೆ ಅದನ್ನೇ ಹಾಕಿಕೊಂಡು ಕೆಲಸಕ್ಕೆ ನಿಲ್ಲುತ್ತೇನೆ. ಲಿಫ್ಟಿನಲ್ಲಿ ನಾನೂ ಬೇಡಮ್ಮನೂ ನಿಂತರೆ ಜನ ಸ್ವಲ್ಪ ಜಾಗ ಬಿಟ್ಟು ನಿಲ್ಲುತ್ತಾರೆ.

ಈಗ ಪ್ರತಿ ಸುರುಳಿಯನ್ನೂ ಸವರಿಯೇ ಬಾಣ ಎಳೆಯುತ್ತೇನೆ, ಎರಡು ಸಲ. ಹಾಗೆಂದು ತಪ್ಪುವುದೇ ಇಲ್ಲವೆಂದಲ್ಲ. ಮೊನ್ನೆ ನಾದಿನಿಯ ಮಿಷನ್ನಿನ ಸದ್ದಿನ ಮೇಲೆ ಮಗನ ಗಂಟಲು ಕೇಳಿಸಿತು. ಒಂದು ತೋಳಿನಲ್ಲಿ ಬೇಡಮ್ಮನನ್ನು ಹೊತ್ತು, ಇನ್ನೊಂದು ಕೈಯಲ್ಲಿ ಒಂದು ಟೋಪಿ ಎತ್ತಿ ಹಿಡಿದಿದ್ದ. ಅದರ ಒಂದು ಕಿವಿ ಕರಡಿಯದು, ಇನ್ನೊಂದು ಮೊಲದ್ದು.

"ಈ ಕಿವಿ ಕತ್ತರಿಸಿದ್ದು ಯಾರು?" ಎಂದು ಕೂಗಿದ.

"ನಾನೇ" ಎಂದೆ, ಬ್ಲೇಡಿನಿಂದ ಕಣ್ಣೆತ್ತದೆ. "ಏನೀಗ?"